ನೆಲ ನಂಬಿದ ನಂಗು

ಕರಾವಳಿಯ ಮೀನು ಪೇಟೆಯಲ್ಲಿ ಮೀನುಗಳಿಗೂ ಅಂತಸ್ತು ಇದೆ. ಅಂಜಲ್ ಬಂದ ದಿನ ಗಿರಾಕಿಗಳು ಅದರ ಸುತ್ತಲೇ ನೆರೆಯುತ್ತಾರೆ. ಮಾಂಜಿ ಔತಣದ ಮೀನು, ಕಾಣೆ ನೆಂಟರು ಬಂದ ದಿನದ ಮೀನು. ಬಂಗುಡೆ, ಬೂತಾಯಿ ನಿತ್ಯದ ಗಂಜಿಯೂಟಕ್ಕೆ ಒದಗುವ ಬಂಧುಗಳು. ಇವುಗಳ ನಡುವೆ ಬುಟ್ಟಿಯ ಒಂದು ಮೂಲೆಯಲ್ಲಿ, ಒಂದರ ಮೇಲೊಂದು ಅಂಟಿಕೊಂಡು, ಮಣ್ಣಿನ ಬಣ್ಣದ ಚಪ್ಪಟೆ ಮೀನೊಂದು ಮಲಗಿರುತ್ತದೆ. ಅದಕ್ಕೆ ಬೆಳ್ಳಿಯ ಹೊಳಪಿಲ್ಲ, ಮೈಕಟ್ಟಿಲ್ಲ, ನೋಡಿದ ಕೂಡಲೇ ಕಣ್ಣು ಸೆಳೆಯುವ ಚೆಲುವಿಲ್ಲ. ಅದೇ ನಂಗು. ತುಳುವರು ನಂಗ್ ಎನ್ನುತ್ತಾರೆ, ಕೊಂಕಣಿಗರು ಲೇಪೊ ಎನ್ನುತ್ತಾರೆ, ಕೇರಳಕ್ಕೆ ಹೋದರೆ ಮಾಂದಳ್ ಎನ್ನುತ್ತಾರೆ. ಶಾಸ್ತ್ರದ ಪುಸ್ತಕದಲ್ಲಿ ಸೈನೊಗ್ಲಾಸಸ್ ಮ್ಯಾಕ್ರೊಸ್ಟೋಮಸ್. 1928ರಲ್ಲಿ ಜೆ. ಆರ್. ನಾರ್ಮನ್ ಎಂಬ ಬ್ರಿಟಿಷ್ ಮತ್ಸ್ಯಶಾಸ್ತ್ರಜ್ಞ ಇಟ್ಟ ಹೆಸರು ಅದು.

ನನಗೆ ಈ ಮೀನಿನ ಮೇಲೆ ವಿಶೇಷ ಪ್ರೀತಿ. ರುಚಿಗಾಗಿ ಹುಟ್ಟಿದ ಪ್ರೀತಿ ಎಂದರೆ ಸುಳ್ಳಾಗದು, ಆದರೆ ಅಷ್ಟೇ ಎಂದರೆ ಪೂರ್ತಿ ನಿಜವೂ ಆಗದು. ಕಡಲಿನಲ್ಲಿ ಈಜಿ ಬದುಕುವ ಮೀನುಗಳು ಸಾವಿರಾರು. ನೀರಿನ ತಳಕ್ಕೆ ಇಳಿದು, ಆ ತಳವನ್ನೇ ಮನೆ ಮಾಡಿಕೊಂಡು, ಅದಕ್ಕಾಗಿ ತಮ್ಮ ತಲೆಬುರುಡೆಯನ್ನೇ ತಿರುಚಿಕೊಂಡ ಜೀವಿಗಳು ಈ ಚಪ್ಪಟೆ ಮೀನುಗಳು ಮಾತ್ರ. ಜಗತ್ತಿನಲ್ಲಿ ಇಂಥವು ಸುಮಾರು 800 ಜಾತಿ ಇವೆ. ನಮ್ಮ ಕರಾವಳಿಯ ಪಾಲಿಗೆ ಬಂದದ್ದು ಅವುಗಳಲ್ಲಿ ತೀರಾ ಸಣ್ಣದು, ತೀರಾ ಸಾಧುವಾದದ್ದು. ನೆಲವನ್ನು ಇಷ್ಟು ನಂಬಿದ ಇನ್ನೊಂದು ಮೀನನ್ನು ನಾನು ಕಂಡಿಲ್ಲ.

ಪೇಟೆಯಿಂದ ತಂದ ನಂಗನ್ನು ಅಡುಗೆಮನೆಗೆ ಕಳಿಸುವ ಮೊದಲು ಅಂಗೈ ಮೇಲೆ ಇಟ್ಟುಕೊಂಡು ಒಮ್ಮೆ ನೋಡಬೇಕು. ಸುಮಾರು 15 ಸೆಂಟಿಮೀಟರ್ ಉದ್ದ. ಮಾವಿನ ಎಲೆಯೊಂದನ್ನು ಪಕ್ಕದಲ್ಲಿಟ್ಟರೆ ಉದ್ದ, ಅಗಲ, ಆಕಾರ ಎಲ್ಲವೂ ಸರಿಹೊಂದುತ್ತದೆ. ಮೇಲಿನ ಮಗ್ಗುಲು ಕಂದು. ಮಗುಚಿ ಹಾಕಿದರೆ ಕೆಳಗಿನ ಮಗ್ಗುಲು ಬೆಳ್ಳಗೆ. ನಾವು ಬೆನ್ನು ಎಂದುಕೊಳ್ಳುವುದು ಅದರ ಎಡ ಮಗ್ಗುಲು, ಹೊಟ್ಟೆ ಎಂದುಕೊಳ್ಳುವುದು ಅದರ ಬಲ ಮಗ್ಗುಲು. ಬೆಳೆದ ಮೀನು ಜೀವಮಾನವಿಡೀ ಬಲಕ್ಕೆ ಒರಗಿ ಮಲಗಿರುತ್ತದೆ. ನಿಜವಾದ ಬೆನ್ನು ಒಂದು ಅಂಚಿನಲ್ಲಿದೆ, ನಿಜವಾದ ಹೊಟ್ಟೆ ಇನ್ನೊಂದು ಅಂಚಿನಲ್ಲಿದೆ. ಆ ಎರಡು ಅಂಚುಗಳಲ್ಲೂ ತೆಳ್ಳಗಿನ ರೆಕ್ಕೆ ತಲೆಯ ಹತ್ತಿರದಿಂದ ಹೊರಟು ಬಾಲದ ತನಕ ಓಡಿ, ಬಾಲದ ರೆಕ್ಕೆಯಲ್ಲೇ ಸೇರಿಕೊಳ್ಳುತ್ತದೆ. ಬೇರೆ ಮೀನುಗಳಿಗೆ ಕಿವಿರಿನ ಹಿಂದೆ ಎರಡು ಕಡೆ ರೆಕ್ಕೆಗಳಿರುತ್ತವಲ್ಲ, ಅವು ಬೆಳೆದ ನಂಗಿಗೆ ಇಲ್ಲ. ಮೂತಿಯ ತುದಿ ಕೊಕ್ಕೆಯಾಗಿ ಕೆಳಕ್ಕೆ ಬಾಗಿ ಬಾಯಿಯನ್ನು ಅರ್ಧ ಮುಚ್ಚಿದೆ. ಬಾಯಿಯೂ ಸೊಟ್ಟ. ಕಣ್ಣುಗಳಂತೂ ಸಾಸಿವೆಗಿಂತ ಸ್ವಲ್ಪ ದೊಡ್ಡವು, ಎರಡೂ ಒಂದೇ ಮಗ್ಗುಲಲ್ಲಿ, ಒಂದಕ್ಕೊಂದು ಒತ್ತಿಕೊಂಡು. ಕೆಳಗಿನ ಬಿಳಿ ಮಗ್ಗುಲಲ್ಲಿ ಎಷ್ಟು ಹುಡುಕಿದರೂ ಕಣ್ಣು ಸಿಗುವುದಿಲ್ಲ.

ಕುಂದಾಪುರದ ಪೇಟೆಯಲ್ಲಿ ನಾನು ಯಾವಾಗಲೂ ಮೀನು ಕೊಳ್ಳುವ ಅಕ್ಕ ಒಬ್ಬರಿದ್ದಾರೆ. ದೂರದಲ್ಲಿ ಕಂಡ ಕೂಡಲೇ, "ಹ್ವಾಯ್, ನಂಗ್ ಹಸಿ ಇತ್ತ್ ಕಾಣಿ, ಚರ್ಮ ಸುಲ್ದ್ ಕೊಡ್ಕಾ?" ಎಂದು ಕರೆಯುತ್ತಾರೆ. ಅವರ ಕೈಚಳಕ ನೋಡುವುದಕ್ಕಾಗಿಯೇ "ಹೌದು" ಎನ್ನುತ್ತೇನೆ. ಮೂತಿಯ ಬಳಿ ಕತ್ತಿಯ ತುದಿಯಿಂದ ಸಣ್ಣ ಗೀರು ಹಾಕುತ್ತಾರೆ. ಉಗುರಿನಿಂದ ಚರ್ಮದ ಅಂಚು ಎಬ್ಬಿಸುತ್ತಾರೆ. ಬೆರಳು ಜಾರದಂತೆ ಒಂದು ಚಿಟಿಕೆ ಉಪ್ಪು ಹಚ್ಚಿಕೊಳ್ಳುತ್ತಾರೆ. ಆಮೇಲೆ ಒಂದೇ ಎಳೆತ. ಹುರುಪೆ ಸಮೇತ ಕಂದು ಚರ್ಮ ಮೂತಿಯಿಂದ ಬಾಲದ ತನಕ ಸರ್ರನೆ ಬಿಚ್ಚಿಕೊಂಡು ಬರುತ್ತದೆ. ಒಳಗಿನ ಮಾಂಸ ಅಚ್ಚ ಬಿಳಿ, ಮುಟ್ಟಿದರೆ ಗಟ್ಟಿ. ಒಂದು ಮೀನಿಗೆ ಅವರಿಗೆ ಬೇಕಾಗುವ ಹೊತ್ತು ನಾನು ಈ ಎರಡು ಸಾಲು ಬರೆಯುವಷ್ಟೂ ಇಲ್ಲ. ನಡುನಡುವೆ ಪಕ್ಕದ ಬುಟ್ಟಿಯವರ ಜೊತೆ ಊರ ಸುದ್ದಿಯೂ ನಡೆದಿರುತ್ತದೆ. ಕೈ ಮಾತ್ರ ತಪ್ಪುವುದಿಲ್ಲ.

ಈ ಸೊಟ್ಟ ಮುಖ ಹುಟ್ಟಿನಿಂದ ಬಂದದ್ದಲ್ಲ ಎಂದು ತಿಳಿದ ದಿನ ನನಗೆ ಆದ ಬೆರಗು ಇನ್ನೂ ಇಳಿದಿಲ್ಲ. ನಂಗಿನ ಮೊಟ್ಟೆ ನೀರಿನಲ್ಲಿ ತೇಲುತ್ತದೆ. ಒಡೆದು ಹೊರಬರುವ ಮರಿ ಗಾಜಿನಷ್ಟು ಪಾರದರ್ಶಕ. ಅದರ ತಲೆಯ ಎಡಕ್ಕೊಂದು ಕಣ್ಣು, ಬಲಕ್ಕೊಂದು ಕಣ್ಣು. ಬೆನ್ನು ಮೇಲೆ, ಹೊಟ್ಟೆ ಕೆಳಗೆ. ಬಂಗುಡೆಯ ಮರಿಯೂ ಅದೂ ಒಂದೇ ರೀತಿ ನೆಟ್ಟಗೆ ಈಜುತ್ತವೆ. ತಳದ ಕೆಸರಿನ ಸುದ್ದಿಯೇ ಇಲ್ಲದೆ, ಅಲೆಗಳ ಕೆಳಗಿನ ಬೆಳಕಿನಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ತಿನ್ನುತ್ತಾ ಅದು ಕೆಲವು ವಾರ ತೇಲಿಕೊಂಡಿರುತ್ತದೆ.

ಉದ್ದ ಒಂದು ಸೆಂಟಿಮೀಟರಿನ ಆಸುಪಾಸಿಗೆ ಬರುವಾಗ ಮರಿಯ ಮೈಯೊಳಗೆ ಥೈರಾಯ್ಡ್ ಹಾರ್ಮೋನು ಏರುತ್ತದೆ. ಗೊದಮೊಟ್ಟೆಯನ್ನು ಕಪ್ಪೆ ಮಾಡುವುದೂ ಇದೇ ಹಾರ್ಮೋನು. ಅದು ಏರಿದೊಡನೆ ಬಲಗಣ್ಣು ತನ್ನ ಜಾಗ ಬಿಟ್ಟು ಹೊರಡುತ್ತದೆ. ಇನ್ನೂ ಮೆತ್ತಗಿರುವ ತಲೆಬುರುಡೆ ಅದಕ್ಕೆ ತಕ್ಕಂತೆ ಬಾಗುತ್ತದೆ, ಎಲುಬುಗಳು ಓರೆಯಾಗಿ ಬೆಳೆಯುತ್ತವೆ. ಕಣ್ಣು ನೆತ್ತಿಯ ಅಂಚನ್ನು ದಾಟಿ ಎಡ ಮಗ್ಗುಲಿಗೆ ಬಂದು, ಎಡಗಣ್ಣಿನ ಪಕ್ಕದಲ್ಲಿ ನೆಲೆ ನಿಲ್ಲುತ್ತದೆ. ನಂಗಿನ ಕುಟುಂಬದಲ್ಲಿ ಪಯಣ ಹೊರಡುವುದು ಬಲಗಣ್ಣೇ. ಚಪ್ಪಟೆ ಮೀನುಗಳ ಬೇರೆ ಕೆಲವು ಕುಟುಂಬಗಳಲ್ಲಿ ಎಡಗಣ್ಣು ಬಲಕ್ಕೆ ಹೋಗುವುದುಂಟು. ಇತ್ತ ಮೇಲಿನ ಮಗ್ಗುಲಿಗೆ ಬಣ್ಣ ಏರುತ್ತದೆ, ಕೆಳಗಿನ ಮಗ್ಗುಲು ಬಿಳಿಯಾಗಿಯೇ ಉಳಿಯುತ್ತದೆ. ನೆಟ್ಟಗೆ ಈಜುತ್ತಿದ್ದ ಮರಿ ನಿಧಾನವಾಗಿ ಓರೆಯಾಗುತ್ತಾ ತಳಕ್ಕೆ ಇಳಿದು ಬಲಕ್ಕೆ ಒರಗುತ್ತದೆ. ಒರಗಿದ್ದು ಒರಗಿದ್ದೇ. ಮತ್ತೆ ಅದು ಹಿಂದಿನ ರೂಪಕ್ಕೆ ಮರಳುವುದಿಲ್ಲ.

ಇದರಲ್ಲಿ ಕಣ್ಣಿಗಿಂತಲೂ ಹೆಚ್ಚು ಸೋಜಿಗದ ಸಂಗತಿಯೊಂದಿದೆ. ಮೈ ಎತ್ತ ವಾಲಿದೆ ಎಂದು ತಿಳಿಸುವ ಸಮತೋಲದ ಅಂಗ ಮೀನಿನ ಒಳಗಿವಿಯಲ್ಲಿರುತ್ತದೆ. ಕಣ್ಣು ಜಾಗ ಬದಲಿಸಿದರೂ ಒಳಗಿವಿ ಮಾತ್ರ ತಲೆಯಲ್ಲಿ ಇದ್ದಲ್ಲೇ ಇರುತ್ತದೆ. ಹಾಗಾಗಿ ಮಲಗಿದ ಮೀನಿನ ಕಿವಿ, ಭೂಮಿಯ ಲೆಕ್ಕದಲ್ಲಿ 90 ಡಿಗ್ರಿ ತಿರುಗಿ ಹೋಗಿರುತ್ತದೆ. "ನೀನು ಬಿದ್ದಿದ್ದೀಯೆ" ಎಂದು ಕಿವಿ ಹೇಳುತ್ತಲೇ ಇರಬೇಕು. ಆದರೆ ಮಿದುಳಿನಲ್ಲಿ ಕಿವಿಗೂ ಕಣ್ಣಿನ ಸ್ನಾಯುಗಳಿಗೂ ನಡುವಿನ ನರಗಳ ಜೋಡಣೆಯೇ ಬದಲಾಗಿ, ಮಲಗಿದ ಸ್ಥಿತಿಯೇ ಅದಕ್ಕೆ ಸರಿಯಾದ ಸ್ಥಿತಿ ಎನಿಸಿಬಿಡುತ್ತದೆ. ಬದುಕುವ ಜಾಗ ಬದಲಾದಾಗ ಒಳಗಿನ ಲೋಕವನ್ನೂ ಅದಕ್ಕೆ ಹೊಂದಿಸಿಕೊಳ್ಳುವುದು ಎಂದರೆ ಏನು ಎಂಬುದನ್ನು ನಾನು ಓದಿದ ಯಾವ ಉಪದೇಶವೂ ಇಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟಿಲ್ಲ.

ಈ ತಿರುಗುವ ಕಣ್ಣು ಒಂದು ಕಾಲಕ್ಕೆ ಡಾರ್ವಿನ್ನನಿಗೂ ತಲೆನೋವಾಗಿತ್ತು. 1871ರಲ್ಲಿ ಸೇಂಟ್ ಜಾರ್ಜ್ ಮೈವಾರ್ಟ್ ಎಂಬ ಪ್ರಾಣಿಶಾಸ್ತ್ರಜ್ಞ ಒಂದು ಗಟ್ಟಿ ಪ್ರಶ್ನೆ ಎತ್ತಿದ. ಜೀವಿಗಳು ಸ್ವಲ್ಪ ಸ್ವಲ್ಪವಾಗಿ ಬದಲಾಗುತ್ತವೆ ಎನ್ನುವುದಾದರೆ, ಚಪ್ಪಟೆ ಮೀನಿನ ಪೂರ್ವಜನಲ್ಲಿ ಕಣ್ಣು ಒಂದಿಷ್ಟೇ ಸರಿದಿತ್ತು ಎಂದುಕೊಳ್ಳೋಣ. ಇನ್ನೂ ತಲೆಯ ಆ ಕಡೆಯಲ್ಲೇ ಇದ್ದು ಕೆಸರನ್ನೇ ನೋಡುತ್ತಿದ್ದ ಆ ಕಣ್ಣಿನಿಂದ ಮೀನಿಗೆ ಏನು ಲಾಭ? 1872ರಲ್ಲಿ ಬಂದ ತನ್ನ ಮೇರುಕೃತಿಯ ಆರನೆಯ ಆವೃತ್ತಿಯಲ್ಲಿ ಡಾರ್ವಿನ್ ಇದಕ್ಕೆ ಉತ್ತರ ಬರೆದ. ಚಪ್ಪಟೆ ಮೀನಿನ ಮರಿಗಳು ತಳದಲ್ಲಿ ಒರಗಿದಾಗ ಕೆಳಗಿನ ಕಣ್ಣಿನಿಂದ ಮೇಲಕ್ಕೆ ನೋಡಲು ಹೆಣಗುತ್ತವೆ ಎಂದು ಸ್ವೀಡನ್ನಿನ ಮಾಲ್ಮ್ ಎಂಬಾತ ಗಮನಿಸಿದ್ದನ್ನು ಆತ ಎತ್ತಿ ತೋರಿಸಿದ. ಆದರೆ ನಡುವಿನ ಹಂತದ ಮೀನು ಯಾರ ಕೈಗೂ ಸಿಕ್ಕಿರಲಿಲ್ಲ.

ಅದು ಸಿಕ್ಕಿದ್ದು ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಇಟಲಿಯ ಮಾಂಟೆ ಬೋಲ್ಕ ಎಂಬಲ್ಲಿನ ಸುಣ್ಣಕಲ್ಲಿನಲ್ಲಿ ಸುಮಾರು 5 ಕೋಟಿ ವರ್ಷ ಹಿಂದಿನ ಮೀನುಗಳು ಅಚ್ಚೊತ್ತಿಕೊಂಡು ಉಳಿದಿವೆ. ಅಲ್ಲಿಂದ ಎಂದೋ ತೆಗೆದು ಯುರೋಪಿನ ವಸ್ತುಸಂಗ್ರಹಾಲಯಗಳಲ್ಲಿ ಇಟ್ಟಿದ್ದ ಕಲ್ಲುಗಳನ್ನು ಮ್ಯಾಟ್ ಫ್ರೀಡ್‌ಮನ್ ಎಂಬ ಯುವ ಸಂಶೋಧಕ ಮತ್ತೆ ಪರೀಕ್ಷಿಸಿದರು. ಆಂಫಿಸ್ಟಿಯಮ್ ಮತ್ತು ಹೆಟೆರೊನೆಕ್ಟಿಸ್ ಎಂಬ ಎರಡು ಬಗೆಯ ಮೀನುಗಳಲ್ಲಿ ಒಂದು ಕಣ್ಣು ನೆತ್ತಿಯ ಕಡೆಗೆ ಹೊರಟಿತ್ತು, ಆದರೆ ದಾಟಿರಲಿಲ್ಲ. ಬೆಳೆದ ಮೀನುಗಳಲ್ಲೂ ಹಾಗೆಯೇ ಇತ್ತು. ಮೈವಾರ್ಟ್ ಇರಲು ಸಾಧ್ಯವೇ ಇಲ್ಲ ಎಂದಿದ್ದ ಅರ್ಧ ದಾರಿಯ ಮೀನು ಕಲ್ಲಿನಲ್ಲಿ ಕಣ್ಣ ಮುಂದೆಯೇ ಇತ್ತು. 2008ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಅಷ್ಟು ದೂರ ಏಕೆ, ನಮ್ಮ ಅರಬ್ಬೀ ಸಮುದ್ರದಲ್ಲೇ ಇಂಡಿಯನ್ ಹಾಲಿಬಟ್ ಎಂಬ ದೊಡ್ಡ ಚಪ್ಪಟೆ ಮೀನು ಇದೆ. ಅದರ ಒಂದು ಕಣ್ಣು ಇಂದಿಗೂ ತಲೆಯ ಅಂಚಿನಲ್ಲೇ ನಿಂತಿದೆ. ಕೆಲವಕ್ಕೆ ಎಡಗಣ್ಣು, ಕೆಲವಕ್ಕೆ ಬಲಗಣ್ಣು. ಇಂಥದೇ ಎಂಬ ನಿಯಮವೂ ಇಲ್ಲ. ಬಲೆಗೆ ಬಿದ್ದ ರಾಶಿಯಲ್ಲಿ ನಂಗೂ ಈ ಹಾಲಿಬಟ್ಟೂ ಅಕ್ಕಪಕ್ಕ ಸಿಕ್ಕಾಗ, ಒಂದು ದೀರ್ಘ ಪ್ರಯಾಣದ ಎರಡು ಹಂತಗಳನ್ನು ಒಟ್ಟಿಗೆ ಕಂಡ ಖುಷಿಯಾಗುತ್ತದೆ.

ತಳ ಸೇರಿದ ಮೇಲೆ ನಂಗಿನ ಬದುಕು ಸರಳ. ಬೇರೆ ಹಲವು ಮೀನುಗಳಿಗೆ ಹೊಟ್ಟೆಯೊಳಗೆ ಗಾಳಿಚೀಲ ಇರುತ್ತದೆ, ನೀರಿನಲ್ಲಿ ತೇಲಿಕೊಂಡು ನಿಲ್ಲಲು ಅದು ಬೇಕು. ಬೆಳೆದ ಚಪ್ಪಟೆ ಮೀನಿಗೆ ಆ ಚೀಲ ಇಲ್ಲ. ಈಜು ನಿಲ್ಲಿಸಿದರೆ ಅದು ಕೆಳಕ್ಕೇ ಇಳಿಯುತ್ತದೆ, ಇಳಿಯುವುದೇ ಅದಕ್ಕೆ ಬೇಕಾದದ್ದು. ಮರಳುಮಿಶ್ರಿತ ಕೆಸರಿನ ಮೇಲೆ ಮಲಗಿ, ಅಂಚಿನ ರೆಕ್ಕೆಗಳನ್ನು ಅಲೆಅಲೆಯಾಗಿ ಆಡಿಸಿ, ಮೈ ಮೇಲೆ ಮಣ್ಣು ಚಿಮ್ಮಿಸಿಕೊಳ್ಳುತ್ತದೆ. ಆ ಮಣ್ಣು ಮೆಲ್ಲಗೆ ಇಳಿದು ಕೂತಾಗ ಹೊರಗೆ ಕಾಣುವುದು ಎರಡು ಚುಕ್ಕೆ ಕಣ್ಣುಗಳು ಮಾತ್ರ. ಆಹಾರವೂ ಅಲ್ಲೇ ಇದೆ. ಕೆಸರಿನಲ್ಲಿ ಕೊಳವೆ ಮಾಡಿಕೊಂಡು ಬದುಕುವ ಸಣ್ಣ ಹುಳುಗಳು, ಸಿಗಡಿಯ ಜಾತಿಯ ಪುಟಾಣಿ ಜೀವಿಗಳು, ಎಳೆಯ ಚಿಪ್ಪುಗಳು. ಬೇಟೆಯಾಡಲು ಓಡಬೇಕಿಲ್ಲ. ಸೊಟ್ಟ ಬಾಯಿ ಕೆಳಗಿನ ಮಗ್ಗುಲಿಗೆ ತಿರುಗಿರುವುದು ಕೆಸರಿನೊಳಗಿಂದ ಹೆಕ್ಕುವುದಕ್ಕೆಂದೇ. ನೋಡುವವರ ಕಣ್ಣಿಗೆ ವಿಕಾರವಾಗಿ ಕಂಡ ಒಂದೊಂದು ಅಂಗಕ್ಕೂ ತಳದಲ್ಲಿ ಒಂದೊಂದು ಕೆಲಸವಿದೆ.

ಬಣ್ಣ ಬದಲಿಸುವುದರಲ್ಲಿ ಇದರ ಬಳಗದ ಕೆಲವರು ಮಹಾ ನಿಪುಣರು. 1911ರಲ್ಲಿ ಫ್ರಾನ್ಸಿಸ್ ಸಮ್ನರ್ ಎಂಬ ವಿಜ್ಞಾನಿ ಮೆಡಿಟರೇನಿಯನ್ನಿನ ಚಪ್ಪಟೆ ಮೀನುಗಳನ್ನು ಚೌಕುಳಿ ಹಲಗೆಗಳ ಮೇಲೆ ಬಿಟ್ಟು ನೋಡಿದ್ದ. ಮೀನುಗಳು ತಮ್ಮ ಮೈಯ ಮಚ್ಚೆಗಳನ್ನು ಆ ಹಲಗೆಗೆ ಹೊಂದಿಸಿಕೊಳ್ಳಲು ಯತ್ನಿಸಿದ್ದವು. 1996ರಲ್ಲಿ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಮತ್ತು ಸಂಗಡಿಗರು ಉಷ್ಣವಲಯದ ಒಂದು ಜಾತಿಯಲ್ಲಿ ಈ ಬದಲಾವಣೆ 2ರಿಂದ 8 ಸೆಕೆಂಡುಗಳಲ್ಲೇ ಆಗುವುದನ್ನು ದಾಖಲಿಸಿದರು. ನಮ್ಮ ನಂಗಿನದು ಅಷ್ಟು ದೊಡ್ಡ ವಿದ್ಯೆಯಲ್ಲ. ಅದು ನಂಬಿಕೊಂಡಿರುವುದು ತನ್ನ ಕೆಸರು ಬಣ್ಣವನ್ನು ಮತ್ತು ಮೈ ಮೇಲೆ ಹೊದ್ದ ಮಣ್ಣನ್ನು.

ಆ ನಂಬಿಕೆ ಎಷ್ಟು ಗಟ್ಟಿ ಎಂದು ನಾನು ಕಂಡದ್ದು ಕೋಡಿಯ ಕಡಲ ದಂಡೆಯಲ್ಲಿ. ಕೈರಂಪಣಿ ಎಳೆಯುವುದನ್ನು ನೋಡಲು ನಾನು ಈಗಲೂ ಹೋಗುತ್ತೇನೆ. ಬಲೆಯ ಒಂದು ತುದಿ ದಂಡೆಯಲ್ಲಿರುತ್ತದೆ, ಇನ್ನೊಂದನ್ನು ದೋಣಿಯಲ್ಲಿ ಸುತ್ತು ಹಾಕಿಸಿ ತರುತ್ತಾರೆ. ಆಮೇಲೆ ಎರಡೂ ಕಡೆ ಜನ ನಿಂತು ಹಗ್ಗ ಎಳೆಯುತ್ತಾರೆ. ಒಮ್ಮೆ ಬಲೆ ಮೇಲೆ ಬಂದಾಗ ರಾಶಿಯೊಳಗೆ ಬೆರಳುದ್ದದ ನಂಗಿನ ಮರಿಗಳಿದ್ದವು. ಹುಡುಗನೊಬ್ಬ ಅವನ್ನೂ ಬುಟ್ಟಿಗೆ ಹಾಕಹೊರಟಾಗ, ಹಗ್ಗ ಸುತ್ತುತ್ತಿದ್ದ ಹಿರಿಯರು, "ಸಣ್ಣದ್ ಬಿಡ ಮರಾಯ, ದೊಡ್ಡದಾಯಿ ಬರ್ಲಿ" ಎಂದರು. ಹುಡುಗ ಒಂದು ಮರಿಯನ್ನು ಅಂಗೈಯಲ್ಲಿ ಹಿಡಿದು ತಂದು ಪಾದ ಮುಳುಗುವಷ್ಟು ನೀರಿನಲ್ಲಿ ಬಿಟ್ಟ. ಮರಿ ಓಡಲಿಲ್ಲ. ಬಿದ್ದಲ್ಲೇ ಮೈಯನ್ನು ಒಮ್ಮೆ ಅದುರಿಸಿತು. ಸ್ವಲ್ಪ ಮರಳು ಮೇಲೆದ್ದು ಕದಡಿತು. ನೀರು ತಿಳಿಯಾದಾಗ ಅಲ್ಲಿ ಏನೂ ಇರಲಿಲ್ಲ. ನಾನು ಕಣ್ಣು ಕೀಳದೆ ನೋಡುತ್ತಿದ್ದೆ, ಜಾಗವೂ ಗೊತ್ತಿತ್ತು. ಆದರೂ ಮೀನು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಆಗಲಿಲ್ಲ. ಅಪಾಯ ಬಂದಾಗ ಬೇರೆ ಮೀನುಗಳು ದೂರ ಓಡುತ್ತವೆ. ನಂಗು ನೆಲವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ.

ಈ ತಳದ ಮಣ್ಣು ಬಂದದ್ದಾದರೂ ಎಲ್ಲಿಂದ? ನಮ್ಮ ಗಂಗೊಳ್ಳಿಯ ಅಳಿವೆಯಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಕಡಲು ಸೇರುತ್ತವೆ. ಘಟ್ಟದ ಮೇಲೆ ಮಳೆ ಹಿಡಿದರೆ ಇಲ್ಲಿ ಅಳಿವೆಯ ಬಾಯಿ ಕೆಂಪಗಾಗುತ್ತದೆ. ಕಾಡಿನ ಕೊಳೆತ ಎಲೆ, ಗದ್ದೆಯ ಗೋಡು, ಗುಡ್ಡದ ಜೇಡಿ ಎಲ್ಲ ಇಳಿದು ಬಂದು ದಂಡೆಯಾಚೆಯ ತಳದಲ್ಲಿ ಕೂರುತ್ತವೆ. ಆ ಕೆಸರಿನಲ್ಲಿ ಹುಳುಗಳು ಬೆಳೆಯುತ್ತವೆ, ಹುಳು ತಿಂದು ನಂಗು ಬೆಳೆಯುತ್ತದೆ. ಕೊಲ್ಲೂರಿನ ಕಾಡಿಗೂ ನನ್ನ ತಟ್ಟೆಯ ಮೀನಿಗೂ ಸಂಬಂಧ ಇದೆ ಎಂದರೆ ಅದು ಭಾವುಕತೆಯ ಮಾತಲ್ಲ, ಮಣ್ಣಿನ ಲೆಕ್ಕ.

ಆದರೆ ಮಣ್ಣು ತರುವ ಮಳೆಗಾಲವೇ ನಂಗಿನ ಪಾಲಿಗೆ ಕಷ್ಟದ ಕಾಲವೂ ಹೌದು. ಹೊಳೆನೀರು ನುಗ್ಗಿ ದಂಡೆಯ ಸಮೀಪದ ಕಡಲು ಸಪ್ಪೆಯಾಗುತ್ತದೆ, ಅಲೆಗಳು ತಳವನ್ನು ಕಲಕುತ್ತವೆ, ಕೆಸರಿನ ಹುಳುಗಳು ಬಹಳಷ್ಟು ಸಾಯುತ್ತವೆ. ಸಾಲದ್ದಕ್ಕೆ ಮುಂಗಾರಿನ ಗಾಳಿಗೆ ಮೇಲಿನ ನೀರು ಸರಿದು, ಆಳದ ತಂಪು ನೀರು ಏರಿ ಬರುತ್ತದೆ. ಆ ನೀರಿನಲ್ಲಿ ಪೋಷಕಾಂಶ ಹೆಚ್ಚು, ಆಮ್ಲಜನಕ ತೀರಾ ಕಡಿಮೆ. ಉಸಿರಾಡಲು ಕಷ್ಟವಾದ ತಳದ ಜೀವಿಗಳು ದಂಡೆಯ ಕಡೆಗೆ ಸರಿಯುತ್ತವೆ. ಮಳೆ ಇಳಿಮುಖವಾಗಿ ಸೆಪ್ಟೆಂಬರ್ ಬರುವ ಹೊತ್ತಿಗೆ ನಂಗು ದಂಡೆಯ ಸಮೀಪ ಗುಂಪುಗುಂಪಾಗಿ ಸಿಗುವುದಕ್ಕೆ ಇದೂ ಒಂದು ಕಾರಣ. ಕೆಸರಿನ ಹುಳುಗಳು ಮತ್ತೆ ಚಿಗುರುವುದೂ ಆಗಲೇ. ನಂಗಿಗೆ ಹಬ್ಬ, ನಂಗು ತಿನ್ನುವವರಿಗೂ ಹಬ್ಬ.

ಮಳೆಗಾಲದ ಈ ಉಪವಾಸವನ್ನು ನಂಗು ತನ್ನ ಮೈ ಮೇಲೆಯೇ ಬರೆದಿಟ್ಟುಕೊಳ್ಳುತ್ತದೆ. ಇದನ್ನು ಓದಿದವರು ಜಿ. ಶೇಷಪ್ಪ ಮತ್ತು ಬಿ. ಎಸ್. ಭೀಮಾಚಾರ್. ಭೀಮಾಚಾರ್ ಅದಕ್ಕೂ ಮೊದಲು ಮೈಸೂರು ಸಂಸ್ಥಾನದ ಮೀನುಗಳ ಬಗ್ಗೆ ಅಭ್ಯಾಸ ಮಾಡಿ ಬರೆದವರು. 1947ರಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಶುರುವಾದ ಮೇಲಿನ ದಿನಗಳಲ್ಲಿ, ಕಲ್ಲಿಕೋಟೆಯ ದಂಡೆಯಲ್ಲಿ ಈ ಇಬ್ಬರೂ ನಂಗಿನ ಹಿಂದೆ ಬಿದ್ದರು. ಮೀನಿನ ಹುರುಪೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮರದ ಕಾಂಡದಲ್ಲಿರುವ ಹಾಗೆ ಉಂಗುರಗಳು ಕಾಣುತ್ತವೆ. ಚಳಿ ದೇಶಗಳಲ್ಲಿ ಚಳಿಗಾಲಕ್ಕೆ ಬೆಳವಣಿಗೆ ನಿಂತು ಉಂಗುರ ಮೂಡುವುದು ಎಲ್ಲರಿಗೂ ಗೊತ್ತಿತ್ತು. ಚಳಿಯೇ ಇಲ್ಲದ ನಮ್ಮ ಕಡಲಿನ ಮೀನಿನ ವಯಸ್ಸನ್ನು ಎಣಿಸುವುದು ಹೇಗೆ? ನಂಗಿನ ಹುರುಪೆಯ ಉಂಗುರ ಮೂಡುವುದು ಮುಂಗಾರಿನಲ್ಲಿ, ಆಹಾರ ಸಿಗದೆ ಮೈ ಬೆಳೆಯದೆ ಇದ್ದ ತಿಂಗಳುಗಳಲ್ಲಿ ಎಂದು ಅವರು ಕಂಡುಕೊಂಡರು. 1951ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅವರ ಬರಹ ಬಂತು. ಒಂದು ಉಂಗುರ ಎಂದರೆ ಒಂದು ಮಳೆಗಾಲದ ಹಸಿವು. ಈ ಸಂಶೋಧನೆಯ ಬಗ್ಗೆ ಓದಿದ ಮೇಲೆ, ಚರ್ಮ ಸುಲಿದು ಎಸೆಯುವಾಗ ಅದರ ಹುರುಪೆಗಳನ್ನು ನೋಡದೆ ಇರಲು ನನ್ನಿಂದ ಆಗುತ್ತಿಲ್ಲ.

ಮಳೆಗಾಲ ನಮ್ಮ ಮನೆಗಳಿಗೂ ಹಸಿ ಮೀನಿಲ್ಲದ ಕಾಲ. ಆಗ ನಂಗು ಇನ್ನೊಂದು ರೂಪದಲ್ಲಿ ಒದಗಿ ಬರುತ್ತದೆ. ಬೇಸಗೆಯಲ್ಲಿ ಉಪ್ಪು ಹಾಕಿ, ದಂಡೆಯ ಬಿಸಿಲಿಗೆ ಹರವಿ ಒಣಗಿಸಿದ ನಂಗನ್ನು ಅಮ್ಮ ಮಳೆ ಹಿಡಿಯುವ ಮೊದಲೇ ತಂದು ಡಬ್ಬಿಯಲ್ಲಿ ಭದ್ರ ಮಾಡುತ್ತಿದ್ದರು. ಆಷಾಢದಲ್ಲಿ ಹೊರಗೆ ಮಳೆ ಸುರಿಯುವಾಗ, ಕೆಂಡದ ಮೇಲೆ ಸುಟ್ಟ ಒಣ ನಂಗನ್ನು ಪುಡಿ ಮಾಡಿ, ತೆಂಗಿನಕಾಯಿ, ಒಣಮೆಣಸು, ಹುಣಸೆಹುಳಿ ಸೇರಿಸಿ ಅರೆದ ಚಟ್ನಿ. ಜೊತೆಗೆ ಕುಚ್ಚಲಕ್ಕಿಯ ಬಿಸಿ ಗಂಜಿ. ಹಸಿ ನಂಗಾದರೆ ಬ್ಯಾಡಗಿ ಮೆಣಸು, ಅರಿಶಿನ, ಹುಳಿ, ಉಪ್ಪು ಅರೆದು ಹಚ್ಚಿ ಅರ್ಧ ಗಂಟೆ ಬಿಡಬೇಕು. ಕಾದ ಕಾವಲಿಗೆ ತೆಂಗಿನೆಣ್ಣೆ ಹಾಕಿ ಸಣ್ಣ ಉರಿಯಲ್ಲಿ ಹುರಿಯಬೇಕು. ಒಂದು ಕಡೆ ಬೇಯುವ ತನಕ ಮುಟ್ಟಬಾರದು, ಮುಟ್ಟಿದರೆ ಮುರಿಯುತ್ತದೆ. ಅಂಚಿನ ರೆಕ್ಕೆ ಗರಿಗರಿಯಾದಾಗ ತೆಗೆದರೆ ಸರಿ. ನಡುಮುಳ್ಳು ಒಂದೇ, ಹಿಡಿದು ಎತ್ತಿದರೆ ಮಾಂಸ ಎರಡೂ ಕಡೆ ಬಿಟ್ಟುಕೊಳ್ಳುತ್ತದೆ. ಮಕ್ಕಳಿಗೂ ಮುದುಕರಿಗೂ ಕರಾವಳಿಯವರು ನಂಗನ್ನು ಧೈರ್ಯವಾಗಿ ಬಡಿಸುವುದು ಅದಕ್ಕೇ. ಬಡವರ ಮನೆಯ ಪಾತ್ರೆಗೂ ದಕ್ಕುವ ಬೆಲೆಯಲ್ಲಿ ಇಷ್ಟು ಒಳ್ಳೆಯ ಮೀನನ್ನು ಕಡಲು ಕೊಟ್ಟಿದೆ.

ಕೊಟ್ಟದ್ದನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆ ಎಂದು ಯೋಚಿಸಿದರೆ ಮನಸ್ಸು ಭಾರವಾಗುತ್ತದೆ. ನಂಗು ತನ್ನ ಇಡೀ ಮೈಯನ್ನು ಕಡಲ ತಳಕ್ಕೆ ಒಪ್ಪಿಸಿದ ಮೀನು. ಗಾಳಿಚೀಲ ಬಿಟ್ಟಿತು, ಒಂದು ಮಗ್ಗುಲ ಬಣ್ಣ ಬಿಟ್ಟಿತು, ಕಣ್ಣಿನ ಜಾಗ ಬಿಟ್ಟಿತು. ತಳ ಕೆಟ್ಟರೆ ಹೋಗಲು ಅದಕ್ಕೆ ಇನ್ನೊಂದು ಲೋಕವಿಲ್ಲ. ಆ ತಳದ ಮೇಲೆಯೇ ಇಂದು ಟ್ರಾಲ್ ಬೋಟುಗಳ ಬಲೆಗಳು ಎಡೆಬಿಡದೆ ಉಜ್ಜುತ್ತಾ ಹೋಗುತ್ತವೆ. ಬಲೆಯ ಕೆಳಗಿನ ಹಗ್ಗಕ್ಕೆ ಭಾರ ಕಟ್ಟಿರುವುದೇ ತಳಕ್ಕೆ ತಾಗಿಕೊಂಡು ಹೋಗಲಿ ಎಂದು. ಅಪಾಯ ಕಂಡಾಗ ನೆಲಕ್ಕೆ ಅಂಟಿಕೊಳ್ಳುವ ನಂಗಿನ ವಿದ್ಯೆ ಬೇಟೆಗಾರ ಮೀನಿನೆದುರು ನಡೆಯುತ್ತದೆ, ನೆಲವನ್ನೇ ಕೆರೆದುಕೊಂಡು ಬರುವ ಬಲೆಯೆದುರು ನಡೆಯುವುದಿಲ್ಲ. ಬಲೆಯ ಕಣ್ಣು ಸಣ್ಣದಾದಷ್ಟೂ ಮರಿಗಳೂ ಬರುತ್ತವೆ. ಹೀಗೆ ಬಂದ ಬೆರಳುದ್ದದ ಮರಿಗಳನ್ನು ಕೊಳ್ಳುವ ಮನೆಗಳು ಕಡಿಮೆ. ಹೆಚ್ಚಿನವು ಇತರ ಚಿಲ್ಲರೆ ಮೀನಿನ ಜೊತೆ ರಾಶಿಯಾಗಿ ಮೀನುಹುಡಿಯ ಕಾರ್ಖಾನೆ ಸೇರುತ್ತವೆ, ಕೋಳಿಗೂ ಸಾಕಿದ ಮೀನಿಗೂ ಮೇವಾಗುತ್ತವೆ.

ಭೂಮಿಯ ಕಡೆಯಿಂದಲೂ ತಳಕ್ಕೆ ಏಟು ಬೀಳುತ್ತಿದೆ. 2000ರಲ್ಲಿ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಎಸ್. ಡಬ್ಲ್ಯು. ಎ. ನಖ್ವಿ ಮತ್ತು ಸಂಗಡಿಗರು, ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದ ಕೊನೆಗೆ ಉಂಟಾಗುವ ಆಮ್ಲಜನಕದ ಕೊರತೆ ತೀವ್ರವಾಗುತ್ತಿದೆ ಎಂದೂ, ಹೊಲಗದ್ದೆಗಳಿಂದ ಹರಿದು ಬರುವ ಗೊಬ್ಬರವೂ ಇದಕ್ಕೆ ಕಾರಣವಿರಬಹುದೆಂದೂ ಎಚ್ಚರಿಸಿದ್ದರು. ಘಟ್ಟದ ಮಣ್ಣನ್ನು ತಂದುಕೊಡುವ ಹೊಳೆಯೇ ಈಗ ನಮ್ಮ ಯೂರಿಯಾವನ್ನೂ ತಂದು ಸುರಿಯುತ್ತಿದೆ.

ಮೀನುಗಾರರನ್ನು ದೂರಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಡೀಸೆಲ್ ಬೆಲೆ, ಬೋಟಿನ ಸಾಲ, ದಿನಗಟ್ಟಲೆ ಕಡಲಲ್ಲಿ ಕಳೆಯುವ ಬದುಕು, ಇವೆಲ್ಲ ಸೇರಿ ಅವರನ್ನು ದೂಡುತ್ತಿವೆ. ಒಳ್ಳೆಯ ಕೆಲಸಗಳೂ ನಡೆದಿವೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆಯಲ್ಲಿ, ಗಂಗೊಳ್ಳಿಯಲ್ಲಿ ಬೋಟುಗಳು ಸಾಲಾಗಿ ನಿಂತಿರುವ ಆ ಎರಡು ತಿಂಗಳು ಕಡಲ ತಳಕ್ಕೆ ಸ್ವಲ್ಪ ಬಿಡುವು. ಕೇರಳದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಷ್ಟು ಉದ್ದಕ್ಕಿಂತ ಸಣ್ಣ ಮೀನು ಹಿಡಿಯುವಂತಿಲ್ಲ ಎಂದು ಜಾತಿವಾರು ಅಳತೆ ಗೊತ್ತುಮಾಡಿದ್ದಾರೆ. ನಂಗಿಗೆ ಅಲ್ಲಿನ ಅಳತೆ 9 ಸೆಂಟಿಮೀಟರ್. ಕೋಡಿಯ ದಂಡೆಯ ಹಿರಿಯರು ಯಾವ ಆದೇಶವನ್ನೂ ಓದದೆ ಹೇಳಿದ ಮಾತಿಗೆ ಅಲ್ಲಿ ಕಾನೂನಿನ ಮುದ್ರೆ ಬಿದ್ದಿದೆ. ಮೊಟ್ಟೆ ಇಡುವಷ್ಟು ದೊಡ್ಡದಾಗಲು ನಂಗಿಗೆ ಬೇಕಾದದ್ದು ಒಂದೇ ವರ್ಷ. ಅಷ್ಟು ಕಾಲ ಅದಕ್ಕೆ ಕೊಟ್ಟರೆ, ಅದು ತನ್ನ ಬಳಗವನ್ನು ತಾನೇ ತುಂಬಿಕೊಳ್ಳುತ್ತದೆ.

ನಾವು ಮೀನು ತಿನ್ನುವವರು ಮಾಡಬಹುದಾದದ್ದೂ ಇದೆ, ಅದು ಕಷ್ಟದ್ದೇನಲ್ಲ. ಮುಂದಿನ ಸಲ ಪೇಟೆಗೆ ಹೋದಾಗ ಅಂಜಲ್, ಮಾಂಜಿಗಳ ಪಕ್ಕದ ಮೂಲೆಯಲ್ಲಿ ಮಲಗಿರುವ ನಂಗನ್ನು ಒಮ್ಮೆ ಎತ್ತಿ ನೋಡಿ. ಒಂದೇ ಮಗ್ಗುಲಿನ ಆ ಎರಡು ಕಣ್ಣುಗಳನ್ನು ಮಕ್ಕಳಿಗೆ ತೋರಿಸಿ, ಅದರ ಕತೆ ಹೇಳಿ. ಅಂಗೈಯುದ್ದದ್ದನ್ನು ಕೊಂಡು ತಂದು ಸಂತೋಷವಾಗಿ ತಿನ್ನಿ. ಬೆರಳುದ್ದದ ಮರಿಗಳನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ ಎನ್ನಿ. ಗಿರಾಕಿ ಬೇಡ ಎಂದದ್ದನ್ನು ಹಿಡಿದು ತರುವ ಆಸೆ ಯಾರಿಗೂ ಬಹಳ ಕಾಲ ಉಳಿಯುವುದಿಲ್ಲ.